ಸ್ತಬ್ಧವಾಗುವ ಸರ್ವರ್, ತಡವಾಗಿ ಉತ್ತರಿಸುವ ಡಿಸ್ಕ್

ವಿಜಯಪುರ ಜಿಲ್ಲೆಯ ಹೊಲದ ಉತಾರ, ಅಂದರೆ ಪಹಣಿ, ಇಂದು ಇರುವುದು ಕಚೇರಿಯ ಕಪಾಟಿನಲ್ಲಲ್ಲ, ಡೇಟಾಬೇಸ್‌ನಲ್ಲಿ. ಕೈಬರಹದ ಪಹಣಿಗಳನ್ನು ಗಣಕಕ್ಕೆ ಏರಿಸುವ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲಿ ಜಾರಿಗೆ ಬಂದಾಗ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಸೇರಿದವು. ಆಗ ತಾಲ್ಲೂಕು ಕಚೇರಿಗಳಲ್ಲೇ ಸರ್ವರ್‌ಗಳು ಇರುತ್ತಿದ್ದವು. ತಿಕೋಟಾ ಮತ್ತು ಬಬಲೇಶ್ವರ ಇನ್ನೂ ಪ್ರತ್ಯೇಕ ತಾಲ್ಲೂಕುಗಳಾಗಿರದೆ ಅಂದಿನ ಬಿಜಾಪುರ ತಾಲ್ಲೂಕಿಗೇ ಸೇರಿದ್ದವು. ಮುಂದೆ ದಾಖಲೆಗಳು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿದ ಮೇಲೆ, ತಿಕೋಟಾದಲ್ಲಿ ಒಂದು ಉತಾರ ಮುದ್ರಣವಾಗಬೇಕಾದರೆ ಕೋರಿಕೆ ಬೆಂಗಳೂರಿಗೆ ಹೋಗಿ ಉತ್ತರ ಹಿಂದಿರುಗಬೇಕೆಂಬ ಏರ್ಪಾಟು ನೆಲೆಗೊಂಡಿತು.

ಹಾಗಾಗಿ ಕೌಂಟರಿನಲ್ಲಿ ‘ಸರ್ವರ್ ಇಲ್ರಿ, ಮಧ್ಯಾಹ್ನ ಬರ್ರಿ’ ಎಂಬ ಮಾತು ಕೇಳಿಬಂದಾಗ, ತಡೆ ಎಲ್ಲಿದೆ ಎಂಬುದು ಆ ಮಾತು ಹೇಳಿದವರಿಗೂ ಗೊತ್ತಿರುವುದಿಲ್ಲ. ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿರಬಹುದು, ತಂತ್ರಾಂಶದಲ್ಲಿ ದೋಷವಿರಬಹುದು, ಹೊರಗಿನವರ ದಾಳಿಯೂ ಆಗಿರಬಹುದು. ಆಸ್ತಿ ನೋಂದಣಿಯ ‘ಕಾವೇರಿ 2.0’ 2025ರ ಜನವರಿಯ ಸುಮಾರಿಗೆ ಕುಂಟಿದಾಗ ಸರ್ಕಾರ ಕೊಟ್ಟ ಕಾರಣ ಡಿಡಾಸ್, ಅಂದರೆ ಸುಳ್ಳು ಕೋರಿಕೆಗಳನ್ನು ಪ್ರವಾಹದಂತೆ ಕಳುಹಿಸಿ ವ್ಯವಸ್ಥೆಯನ್ನು ಕಟ್ಟಿಹಾಕುವ ದಾಳಿ. ಇವೆಲ್ಲ ಕಣ್ಣಿಗೆ ಬೀಳುವ ಕಾರಣಗಳು. ಇವುಗಳಿಗಿಂತ ಹಿಡಿಯಲು ಕಷ್ಟವಾದ ಇನ್ನೊಂದು ಬಗೆಯ ತೊಂದರೆಯಿದೆ: ಸರ್ವರ್ ನಡೆಯುತ್ತಿರುತ್ತದೆ, ಜಾಲವೂ ನೆಟ್ಟಗಿರುತ್ತದೆ, ಆದರೂ ದಿನಕ್ಕೆ ಒಂದೆರಡು ಸಲ ಇಪ್ಪತ್ತು, ಮೂವತ್ತು ಸೆಕೆಂಡು ಎಲ್ಲರ ಪರದೆಯೂ ಒಟ್ಟಿಗೆ ನಿಂತುಬಿಡುತ್ತದೆ, ಮತ್ತೆ ಏನೂ ಆಗಿಲ್ಲವೆಂಬಂತೆ ಕೆಲಸ ಸಾಗುತ್ತದೆ. ಇದರ ಬೇರು ಅನೇಕ ವೇಳೆ ಮಾಹಿತಿ ಬರೆದಿಡುವ ಡಿಸ್ಕಿನಲ್ಲಿರುತ್ತದೆ, ಮತ್ತು ಅಲ್ಲಿ ಹುಡುಕುವವರು ತೀರ ಕಡಿಮೆ.

ಈ ತೊಂದರೆಯನ್ನು ಹತ್ತಿರದಿಂದ ನೋಡಲು ದೂರದ ದತ್ತಾಂಶ ಕೇಂದ್ರಕ್ಕೆ ಹೋಗಬೇಕಿಲ್ಲ. ಆಸ್ಪತ್ರೆ, ಕಾಲೇಜು, ಪತ್ತಿನ ಸಹಕಾರಿ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜ್ ಮುಂತಾದ ಕಡೆ ಹಿಂದಿನ ಕೋಣೆಯಲ್ಲೊಂದು ಸ್ವಂತ ಸರ್ವರ್ ಇಟ್ಟುಕೊಳ್ಳುವ ರೂಢಿ ಇನ್ನೂ ಇದೆ. ತಿಕೋಟಾ ಸುತ್ತಿನ ಶೆಡ್‌ಗಳಲ್ಲಿ ಒಣಗಿದ ದ್ರಾಕ್ಷಿ ಬೇಸಿಗೆಯಲ್ಲಿ ಬಾಕ್ಸುಗಳಲ್ಲಿ ತುಂಬಿ ಇಂಥ ಕೋಲ್ಡ್ ಸ್ಟೋರೇಜಿಗೆ ಬಂದಿಳಿಯುವಾಗ, ಗುಮಾಸ್ತ ರೈತನ ಹೆಸರು, ಲಾಟ್ ಸಂಖ್ಯೆ, ಬಾಕ್ಸುಗಳ ಎಣಿಕೆ, ತೂಕ ಇಷ್ಟನ್ನು ಟೈಪ್ ಮಾಡಿ ‘ಸೇವ್’ ಒತ್ತುತ್ತಾನೆ. ಪಾವತಿ ಮುದ್ರಣವಾಗುವುದಕ್ಕೆ ಮುಂಚಿನ ಆ ಕ್ಷಣದಲ್ಲಿ ಒಳಗೆ ನಡೆಯುವುದನ್ನು ತಿಳಿದರೆ ಉಳಿದದ್ದು ಬಹುಪಾಲು ತಿಳಿದಂತೆ.

ಡೇಟಾಬೇಸ್ ಹೊಸ ನಮೂದನ್ನು ನೇರವಾಗಿ ಮುಖ್ಯ ಕಡತದಲ್ಲಿ ಬರೆಯುವುದಿಲ್ಲ. ಮುಖ್ಯ ಕಡತವು ‘ಪೇಜ್’ ಎಂಬ ಸಣ್ಣ ತುಂಡುಗಳಾಗಿ ಹರಡಿಕೊಂಡಿರುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್‌ಗಳಲ್ಲಿ ಈ ಪೇಜ್ ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ 16 ಕಿಲೋಬೈಟ್. ಪ್ರತಿ ಬದಲಾವಣೆಗೂ ಚದುರಿದ ಪೇಜ್‌ಗಳನ್ನು ಹುಡುಕಿ ಡಿಸ್ಕಿನಲ್ಲಿ ತಿದ್ದುವುದು ನಿಧಾನದ ಕೆಲಸವಾದ್ದರಿಂದ, ಬದಲಾವಣೆಯ ವಿವರವನ್ನು ಮೊದಲು ‘ಲಾಗ್’ ಎಂಬ, ಕೊನೆಗೆ ಮಾತ್ರ ಸೇರಿಸುತ್ತ ಹೋಗುವ ಕಡತಕ್ಕೆ ಬರೆದು, ಅದು ಡಿಸ್ಕಿನ ಮೇಲೆ ನಿಜಕ್ಕೂ ಕೂತಿದೆಯೆಂದು ಖಾತರಿ ಮಾಡಿಕೊಂಡ ಮೇಲೆಯೇ ಗುಮಾಸ್ತನಿಗೆ ‘ಆಯಿತು’ ಎಂಬ ಉತ್ತರ ಹೋಗುತ್ತದೆ. ಈ ಖಾತರಿ ಕೇಳುವ ಆದೇಶಕ್ಕೆ ‘ಎಫ್‌ಸಿಂಕ್’ ಎಂದು ಹೆಸರು. ಮುಂದಿನ ಕ್ಷಣವೇ ಕರೆಂಟ್ ಹೋದರೂ ರೈತನ ಬಾಕ್ಸುಗಳ ಲೆಕ್ಕ ಉಳಿಯುವುದು ಈ ಒಂದು ಕಾಯುವಿಕೆಯ ಬಲದಿಂದ. ಮುಖ್ಯ ಕಡತದ ಪೇಜ್‌ಗಳು ಮೆಮೊರಿಯಲ್ಲಿ ಬದಲಾಗಿ, ಆಮೇಲೆ ಬಿಡುವಾದಾಗ ‘ಚೆಕ್‌ಪಾಯಿಂಟ್’ ಎಂಬ ಕಾರ್ಯದಲ್ಲಿ ಒಟ್ಟಾಗಿ ಡಿಸ್ಕಿಗೆ ಇಳಿಯುತ್ತವೆ.

ಕಾಯುವಿಕೆ ಎಷ್ಟು ಹೊತ್ತು ಎಂಬುದು ಡಿಸ್ಕಿನ ಜಾತಿಯ ಮೇಲೆ ನಿಂತಿದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆ ಒಂದು ಸುತ್ತು ಮುಗಿಸಲು 8.33 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಅಲ್ಲಲ್ಲಿ ಚದುರಿದ ಜಾಗಗಳಿಗೆ ಓಡಾಡಿ ಬರೆಯಬೇಕಾದರೆ ಅಂಥ ಡಿಸ್ಕು ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಕೆಲಸ ಮಾತ್ರ ಮುಗಿಸಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಒಂದು ಮಿಲಿಸೆಕೆಂಡಿನೊಳಗೆ ಮುಗಿಸುತ್ತದೆ. ಎರಡೂ ಮನುಷ್ಯನ ಕಣ್ಣಿಗೆ ತಕ್ಷಣವೇ. ಹಾಗಿದ್ದ ಮೇಲೆ ಇಪ್ಪತ್ತು ಸೆಕೆಂಡಿನ ಸ್ತಬ್ಧತೆ ಎಲ್ಲಿಂದ ಬರಬೇಕು?

ಮೊದಲ ಉತ್ತರ ಸರತಿಯಲ್ಲಿದೆ. ಒಂದು ಡಿಸ್ಕು ಒಂದು ಕೆಲಸಕ್ಕೆ 5 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ, ಸರತಿ ಶಾಸ್ತ್ರದ ಅತಿ ಸರಳ ಸೂತ್ರದ ಪ್ರಕಾರ, ಅದು ತನ್ನ ಅರ್ಧ ಸಾಮರ್ಥ್ಯದಲ್ಲಿ ದುಡಿಯುವಾಗ ಉತ್ತರ ಬರುವುದು ಸರಾಸರಿ 10 ಮಿಲಿಸೆಕೆಂಡಿಗೆ, ಶೇಕಡಾ 90ರಲ್ಲಿ 50ಕ್ಕೆ, ಶೇಕಡಾ 95ರಲ್ಲಿ 100ಕ್ಕೆ. ಕೆಲಸ ಹೆಚ್ಚಿದ್ದು ಸ್ವಲ್ಪವೇ ಆದರೂ ಕಾಯುವಿಕೆ ಹಲವು ಪಟ್ಟು ಏರುತ್ತದೆ. ಆದ್ದರಿಂದಲೇ ವರ್ಷವಿಡೀ ಸಲೀಸಾಗಿ ನಡೆದ ಸರ್ವರ್ ಮಾರ್ಚ್ ಕೊನೆಯ ವಾರದಲ್ಲೋ, ಬೆಳೆ ವಿಮೆ ನೋಂದಣಿಯ ಗಡುವು ಹತ್ತಿರವಾಗುವ ಜುಲೈ ಕೊನೆಯಲ್ಲೋ ಮುನ್ಸೂಚನೆಯಿಲ್ಲದೆ ಕುಸಿದಂತೆ ತೋರುತ್ತದೆ. ಎರಡನೆಯದು ಡೇಟಾಬೇಸಿನ ಕಟ್ಟೋಣದಲ್ಲೇ ಇದೆ. ಒಬ್ಬ ಗುಮಾಸ್ತನ ನಮೂದು ಲಾಗ್‌ಗೆ ಇಳಿಯುವವರೆಗೆ ಆ ಸಾಲುಗಳ ಮೇಲಿನ ‘ಲಾಕ್’ ಬಿಡುಗಡೆಯಾಗುವುದಿಲ್ಲ, ಅವೇ ಸಾಲುಗಳನ್ನು ತಿದ್ದಬೇಕಾದ ಇನ್ನೊಬ್ಬ ಅಲ್ಲಿಯವರೆಗೆ ನಿಲ್ಲಬೇಕು. ಲಾಗ್‌ಗೆ ಇರುವುದೂ ಸಾಮಾನ್ಯವಾಗಿ ಒಂದೇ ಸಾಲು. ತಂತ್ರಾಂಶವು ಡೇಟಾಬೇಸಿಗೆ ಮೊದಲೇ ತೆರೆದಿಟ್ಟುಕೊಂಡ ನೂರು ಸಂಪರ್ಕಗಳೂ ಹೀಗೆ ಕಾಯುವವರಿಂದ ತುಂಬಿಹೋದರೆ, ಡಿಸ್ಕಿನ ಗೊಡವೆಯೇ ಇಲ್ಲದೆ ಬರೀ ಲಾಗಿನ್ ಆಗಲು ಬಂದವನಿಗೂ ಬಾಗಿಲು ಮುಚ್ಚಿರುತ್ತದೆ.

ಇಂಥ ಹೊತ್ತಿನಲ್ಲಿ ನಿರ್ವಾಹಕ ಮೊದಲು ನೋಡುವುದು ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬುದನ್ನು, ಮತ್ತು ಅಲ್ಲೇ ದಾರಿ ತಪ್ಪುತ್ತದೆ. ಡಿಸ್ಕಿನಿಂದಾಗಿ ನಿಂತ ಸರ್ವರ್‌ನ ಪ್ರೊಸೆಸರ್ ಬಹುಪಾಲು ಖಾಲಿ ಕೂತಿರುತ್ತದೆ. ಲಿನಕ್ಸ್‌ನಲ್ಲಿ ಇದರ ಗುರುತು ವಿಚಿತ್ರವಾದದ್ದು: ಪ್ರೊಸೆಸರ್ ಬಳಕೆ ಇಳಿದಿದ್ದರೂ ‘ಲೋಡ್ ಆವರೇಜ್’ ಎಂಬ ಸಂಖ್ಯೆ ಮೇಲೇರುತ್ತದೆ, ಏಕೆಂದರೆ ಡಿಸ್ಕಿಗಾಗಿ ಕಾಯುತ್ತ ‘ಡಿ’ ಎಂಬ ಸ್ಥಿತಿಯಲ್ಲಿ ಸಿಲುಕಿದ ಕೆಲಸಗಳನ್ನೂ ಲಿನಕ್ಸ್ ಅದರಲ್ಲಿ ಎಣಿಸುತ್ತದೆ. ಒಂದು ಕೆಲಸ ಆ ಸ್ಥಿತಿಯಲ್ಲಿ 120 ಸೆಕೆಂಡು ದಾಟಿದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ತನ್ನ ಸಂದೇಶಗಳ ದಾಖಲೆಯಲ್ಲಿ ಎಚ್ಚರಿಕೆ ಬರೆಯುವುದು ರೂಢಿಯ ವ್ಯವಸ್ಥೆ. ಎಸ್‌ಕ್ಯುಎಲ್ ಸರ್ವರ್ ಇನ್ನೂ ಮುಂಚೆ ಬಾಯಿ ಬಿಡುತ್ತದೆ. ಡಿಸ್ಕಿಗೆ ಕೊಟ್ಟ ಕೆಲಸ 15 ಸೆಕೆಂಡಾದರೂ ಮುಗಿಯದಿದ್ದರೆ 833 ಎಂಬ ಸಂಖ್ಯೆಯ ಸಂದೇಶವನ್ನು, ಯಾವ ಕಡತ ಎಂಬ ವಿವರದೊಂದಿಗೆ ದಾಖಲಿಸುತ್ತದೆ. ಆ ಸಂದೇಶವಿದ್ದ ಮೇಲೆ ತಂತ್ರಾಂಶದವರು, ಜಾಲದವರು ಪರಸ್ಪರ ಬೆರಳು ತೋರಿಸುತ್ತ ಕೂರಬೇಕಾಗಿಲ್ಲ. ಒರಾಕಲ್‌ನಲ್ಲಿ ‘ಲಾಗ್ ಫೈಲ್ ಸಿಂಕ್’, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ‘ರೈಟ್‌ಲಾಗ್’ ಎಂಬ ಕಾಯುವಿಕೆಗಳು ಪಟ್ಟಿಯ ಮೇಲುಗಡೆ ಬಂದರೆ ಅವೂ ಇದೇ ದಿಕ್ಕನ್ನು ತೋರಿಸುತ್ತವೆ.

ಅಳತೆಯಲ್ಲೂ ಒಂದು ಬಲೆಯಿದೆ. ಮೇಲ್ವಿಚಾರಣೆಯ ತಂತ್ರಾಂಶಗಳು ಐದು ನಿಮಿಷದ ಸರಾಸರಿಯನ್ನು ತೋರಿಸುವುದು ಸಾಮಾನ್ಯ. 280 ಸೆಕೆಂಡು ಕಾಲ ಸೆಕೆಂಡಿಗೆ 1,000 ಕೆಲಸಗಳಂತೆ ತಲಾ 2 ಮಿಲಿಸೆಕೆಂಡಿನಲ್ಲಿ ಮುಗಿದು, ಉಳಿದ 20 ಸೆಕೆಂಡು ಡಿಸ್ಕು ಪೂರ್ತಿ ನಿಂತು, ಆ ಹೊತ್ತಿನಲ್ಲಿ ನೂರು ಕೆಲಸಗಳು ತಲಾ 20 ಸೆಕೆಂಡು ಸಿಲುಕಿದವು ಎಂದು ಭಾವಿಸಿದರೆ, ಒಟ್ಟು ಸರಾಸರಿ ಬರುವುದು ಸುಮಾರು 9 ಮಿಲಿಸೆಕೆಂಡು. ನಕ್ಷೆಯಲ್ಲಿ ಅದೊಂದು ಸಣ್ಣ ಉಬ್ಬು. ಕೌಂಟರಿನ ಮುಂದೆ ನಿಂತವನ ಪಾಲಿಗೆ ಕೆಲಸವೇ ನಿಂತ ಹೊತ್ತು. ಮೇಲ್ವಿಚಾರಣೆಯಲ್ಲಿ ಎಲ್ಲ ಸರಿಯಿದೆ ಎಂದು ವಾದಿಸುವ ತಂತ್ರಜ್ಞನೂ ಪರದೆ ನಿಂತಿತೆಂದು ದೂರುವ ಗುಮಾಸ್ತನೂ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಸೆಕೆಂಡಿಗೊಮ್ಮೆ ಅಳೆಯಬೇಕು, ಸರಾಸರಿಯ ಜೊತೆಗೆ ಅತಿ ಹೆಚ್ಚಿನ ವಿಳಂಬವನ್ನೂ ಬರೆದಿಡಬೇಕು. ಯಾವ ವಿಳಂಬದ ಅಂತರದಲ್ಲಿ ಎಷ್ಟು ಕೆಲಸ ಬಿದ್ದವು ಎಂಬ ಹಂಚಿಕೆಯನ್ನು ಕಣ್ಣಿಗೆ ಕಾಣಿಸುವ ನಕ್ಷೆಗಳು ಇದಕ್ಕೆ ಇನ್ನೂ ಒಳ್ಳೆಯವು. ಸನ್ ಕಂಪನಿಯಲ್ಲಿದ್ದ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಅಂಥ ನಕ್ಷೆಯನ್ನು ತೆರೆದಿಟ್ಟುಕೊಂಡು ಡಿಸ್ಕುಗಳ ಪೆಟ್ಟಿಗೆಗೆ ಬಾಯಿ ಹಚ್ಚಿ ಜೋರಾಗಿ ಕೂಗಿದ ವಿಡಿಯೊ ಪ್ರಸಿದ್ಧವಾಗಿದೆ. ಕೂಗಿನ ಕಂಪನಕ್ಕೆ ಹಾರ್ಡ್ ಡಿಸ್ಕುಗಳ ವಿಳಂಬ ಏರಿದ್ದು ನಕ್ಷೆಯಲ್ಲಿ ಚುಕ್ಕಿಗಳಾಗಿ ಮೂಡಿತು. ಜನರೇಟರ್ ಪಕ್ಕದ ಗೋಡೆಗೆ ಸರ್ವರ್ ಒರಗಿಸಿಟ್ಟವರು ಇದನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ.

ಡಿಸ್ಕು ನಿಧಾನವೆಂದು ಖಚಿತವಾದ ಮೇಲೆ ಉಳಿಯುವ ಪ್ರಶ್ನೆ ಯಾವಾಗ ಎಂಬುದು. ಸ್ತಬ್ಧತೆಯ ಗಡಿಯಾರವೇ ಕಾರಣವನ್ನು ಅರ್ಧಕ್ಕರ್ಧ ಹೇಳಿಬಿಡುತ್ತದೆ. ಐದು ನಿಮಿಷಕ್ಕೊಮ್ಮೆ ಮರುಕಳಿಸಿದರೆ ಚೆಕ್‌ಪಾಯಿಂಟಿನ ಮೇಲೆ ಸಂಶಯ ಬರಬೇಕು, ಏಕೆಂದರೆ ಪೋಸ್ಟ್‌ಗ್ರೆಸ್‌ನಲ್ಲಿ ಅದರ ಮೂಲ ಅವಧಿ ಐದು ನಿಮಿಷ. ಆ ಅವಧಿಯ ಅರ್ಧದೊಳಗೆ ಬರವಣಿಗೆ ಮುಗಿಸುವ ಹಳೆಯ ಹೊಂದಿಕೆಯನ್ನು 2021ರಲ್ಲಿ ಬಂದ 14ನೆಯ ಆವೃತ್ತಿ ಬದಲಿಸಿ, ಅವಧಿಯ ಹತ್ತರಲ್ಲಿ ಒಂಬತ್ತು ಪಾಲಿನುದ್ದಕ್ಕೂ ಹರಡುವಂತೆ ಮಾಡಿದ್ದು ಇಂಥ ಹೊಡೆತವನ್ನು ತಗ್ಗಿಸಲೆಂದೇ. ಕಾರ್ಯಾಚರಣ ವ್ಯವಸ್ಥೆಯೂ ಇಂಥದೇ ಕೆಲಸ ಮಾಡುತ್ತದೆ: ಲಿನಕ್ಸ್ ಇನ್ನೂ ಡಿಸ್ಕಿಗೆ ಇಳಿಯದ ಮಾಹಿತಿಯನ್ನು ಮೂಲ ಹೊಂದಿಕೆಯಲ್ಲಿ ಲಭ್ಯ ಮೆಮೊರಿಯ ಶೇಕಡಾ 10ರವರೆಗೆ ಹಾಗೇ ಬಿಟ್ಟು, ಆಮೇಲೆ ಹಿನ್ನೆಲೆಯಲ್ಲಿ ಇಳಿಸತೊಡಗುತ್ತದೆ, ಶೇಕಡಾ 20 ತಲುಪಿದರೆ ಬರೆಯುವವರನ್ನೇ ತಡೆದು ನಿಲ್ಲಿಸುತ್ತದೆ. 64 ಗಿಗಾಬೈಟ್ ಮೆಮೊರಿಯಲ್ಲಿ ಶೇಕಡಾ 10 ಎಂದರೆ 6 ಗಿಗಾಬೈಟಿಗೂ ಹೆಚ್ಚು. ಸೆಕೆಂಡಿಗೆ 150 ಮೆಗಾಬೈಟ್ ಬರೆಯುವ ಡಿಸ್ಕು ಅದನ್ನು ಸಾಲಾಗಿ ಬರೆದರೂ 40 ಸೆಕೆಂಡು ಬೇಕು. ಸರ್ವರ್ ನಿಧಾನವೆಂದು ಮೆಮೊರಿ ಹೆಚ್ಚಿಸಿದ ಮೇಲೆ ನಿಲ್ಲುವಿಕೆ ಇನ್ನೂ ದೀರ್ಘವಾಯಿತೆಂಬ ದೂರಿನ ಹಿಂದೆ ಈ ಲೆಕ್ಕವಿರಬಹುದು.

ರಾತ್ರಿ ಒಂದೇ ಹೊತ್ತಿಗೆ ನಿಲ್ಲುತ್ತಿದ್ದರೆ ಅದು ಬ್ಯಾಕಪ್ಪೋ, ವರ್ಚುವಲ್ ಯಂತ್ರದ ‘ಸ್ನ್ಯಾಪ್‌ಶಾಟ್’, ಅಂದರೆ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಕ್ರಿಯೆಯೋ ಆಗಿರುತ್ತದೆ. ವಿಂಡೋಸ್‌ನಲ್ಲಿ ಹೀಗೆ ಹಿಡಿದಿಡುವಾಗ ಬರವಣಿಗೆಯನ್ನು ಕೆಲ ಕ್ಷಣ ತಡೆಯುವುದು ವಿನ್ಯಾಸದ ಭಾಗವೇ, ಎಸ್‌ಕ್ಯುಎಲ್ ಸರ್ವರ್ ತಡೆದದ್ದನ್ನೂ ಬಿಟ್ಟದ್ದನ್ನೂ ತನ್ನ ಸಂದೇಶಗಳ ದಾಖಲೆಯಲ್ಲಿ ಬರೆದಿಡುತ್ತದೆ. ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಡಿಸ್ಕಾದರೆ ಗಡಿಯಾರ ಬೇರೆ. ಅಮೆಜಾನಿನ ‘ಜಿಪಿ2’ ಎಂಬ ಬಗೆಯಲ್ಲಿ 100 ಗಿಗಾಬೈಟಿನ ಡಿಸ್ಕಿಗೆ ಸೆಕೆಂಡಿಗೆ 300 ಕೆಲಸದ ಹಕ್ಕು. ಕೂಡಿಟ್ಟ ಮುಂಗಡವಿರುವವರೆಗೆ 3,000ದವರೆಗೂ ಓಡಬಹುದು, ಆದರೆ ಪೂರ್ತಿ ವೇಗದಲ್ಲಿ ಓಡಿದರೆ ಆ ಮುಂಗಡ ಅರ್ಧ ತಾಸಿನ ಸುಮಾರಿಗೆ ತೀರಿ, ವೇಗ ಒಮ್ಮೆಲೇ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳಗ್ಗೆ ಹತ್ತಕ್ಕೆ ಕಚೇರಿ ತೆರೆದು ಹತ್ತೂವರೆಗೆ ಎಲ್ಲ ನಿಂತುಹೋಗುವ ಒಗಟನ್ನು ಹೀಗೆ ಬಿಡಿಸಬಹುದು.

ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬರುವ ನಿಧಾನಗತಿಗೆ ಮಾತ್ರ ‘ರೇಡ್’ ನಿಯಂತ್ರಕವನ್ನು, ಅಂದರೆ ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ಕಾರ್ಡನ್ನು ನೋಡಬೇಕು. ಅದರಲ್ಲಿ ಬರವಣಿಗೆಯನ್ನು ತಾತ್ಕಾಲಿಕವಾಗಿ ಹಿಡಿದುಕೊಳ್ಳುವ ಚಿಕ್ಕ ಮೆಮೊರಿಯಿರುತ್ತದೆ. ‘ಕ್ಯಾಶ್’ ಎಂಬ ಈ ತಾಣಕ್ಕೆ ಮಾಹಿತಿ ತಲುಪಿದ ಕೂಡಲೇ ನಿಯಂತ್ರಕ ‘ಬರೆದಾಯಿತು’ ಎಂದು ಉತ್ತರಿಸಿ, ಡಿಸ್ಕಿಗೆ ನಿಧಾನವಾಗಿ ಇಳಿಸುತ್ತದೆ. ವಿಜಯಪುರದವರಿಗೆ ಈ ಏರ್ಪಾಟು ಹೊಸದೇನಲ್ಲ. ಆದಿಲಶಾಹಿಗಳು ತೊರವಿಯ ಕಡೆಯಿಂದಲೂ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ ನಗರಕ್ಕೆ ನೀರು ತರುವಾಗ ಮಣ್ಣಿನ ಕೊಳವೆಗಳ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದ್ದರು. ನೀರು ಗಂಜಿಗೆ ಏರಿ, ಒತ್ತಡ ತಗ್ಗಿ, ಕೆಸರು ಕೆಳಗೆ ಕೂತು, ಮುಂದಿನ ಕೊಳವೆಗೆ ಹದವಾಗಿ ಇಳಿಯುತ್ತಿತ್ತು. ಮೇಲಿನಿಂದ ನೀರು ನುಗ್ಗಿದರೂ ಕೆಳಗಿನ ಕೊಳವೆ ಒಡೆಯದಿರುವುದು ಗಂಜಿನಿಂದ, ಆದರೆ ಗಂಜ್ ತುಂಬಿದ ಮೇಲೆ ಆ ರಕ್ಷಣೆ ಇಲ್ಲ. ಕ್ಯಾಶ್ ಸಹ ಹಾಗೆಯೇ, ತುಂಬುವವರೆಗೆ ಎಸ್‌ಎಸ್‌ಡಿಯಂತೆ ಓಡಿ, ತುಂಬಿದ ಕ್ಷಣದಿಂದ ಡಿಸ್ಕಿನ ನಿಜವಾದ ವೇಗಕ್ಕೆ ಇಳಿಯುತ್ತದೆ.

ಕ್ಯಾಶ್‌ಗೆ ಇನ್ನೊಂದು ಷರತ್ತಿದೆ: ಕರೆಂಟ್ ಹೋದಾಗ ಅದರಲ್ಲಿರುವುದು ಅಳಿಯದಂತೆ ಕಾರ್ಡಿನ ಮೇಲೆಯೇ ಪುಟ್ಟ ಬ್ಯಾಟರಿ ಬೇಕು. ಆ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆಂದು ನಿಯಂತ್ರಕ ತಾನೇ ಆಗಾಗ ಅದನ್ನು ಖಾಲಿ ಮಾಡಿ, ತುಂಬಿ ಪರೀಕ್ಷಿಸುತ್ತದೆ, ಕೆಲವು ಮಾದರಿಗಳಲ್ಲಿ 30 ದಿನಕ್ಕೊಮ್ಮೆ, ಕೆಲವುಗಳಲ್ಲಿ 90 ದಿನಕ್ಕೊಮ್ಮೆ. ಆ ತಾಸುಗಳಲ್ಲಿ ಕ್ಯಾಶ್ ಬಳಕೆ ನಿಂತು ಪ್ರತಿ ಬರವಣಿಗೆಯೂ ನೇರ ಡಿಸ್ಕಿಗೇ ಹೋಗುತ್ತದೆ. ಬ್ಯಾಟರಿ ಸತ್ತೇ ಹೋಗಿದ್ದರೆ ಈ ಸ್ಥಿತಿ ಕಾಯಂ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ, ರಾತ್ರಿ ಏಸಿ ಆರಿಸಿಹೋಗುವ ಕೋಣೆಯೊಳಗೆ, ಇಂಥ ಬ್ಯಾಟರಿಗಳ ಆಯುಷ್ಯದ ಬಗ್ಗೆ ಹೆಚ್ಚು ಭರವಸೆ ಇಡಲಾಗದು. ಹೊರಗಿನ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸುವಾಗ ಸರ್ವರ್ ಹೊಟ್ಟೆಯೊಳಗಿನ ಈ ಪುಟ್ಟ ಬ್ಯಾಟರಿಯ ನೆನಪು ಯಾರಿಗೂ ಬರುವುದಿಲ್ಲ. ಬಿಸಿಯ ಮಾತು ಬಂದದ್ದರಿಂದ ಹೇಳಬೇಕು: ಎಸ್‌ಎಸ್‌ಡಿಗಳೂ ಒಂದು ಮಟ್ಟ ಮೀರಿ ಕಾದರೆ ತಮ್ಮನ್ನು ಉಳಿಸಿಕೊಳ್ಳಲು ತಾವಾಗಿಯೇ ವೇಗ ತಗ್ಗಿಸುತ್ತವೆ.

ಯಾವ ಗಡಿಯಾರಕ್ಕೂ ಒಗ್ಗದೆ ಬಂದುಹೋಗುವ ಸ್ತಬ್ಧತೆ ಕೆಡುತ್ತಿರುವ ಡಿಸ್ಕಿನ ಲಕ್ಷಣ. ಮನೆಬಳಕೆಯ ಹಾರ್ಡ್ ಡಿಸ್ಕು ಓದಲಾಗದ ಜಾಗವೊಂದು ಸಿಕ್ಕರೆ ಬಿಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಹೀಗೆ ಹಟ ಹಿಡಿಯುವುದುಂಟು. ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾದು ಡಿಸ್ಕಿನ ಸಂಪರ್ಕವನ್ನು ಮರುಹೊಂದಿಸುತ್ತದೆ. ರೇಡ್‌ಗೆಂದೇ ಮಾಡಿದ ಡಿಸ್ಕುಗಳಾದರೆ ಏಳು ಸೆಕೆಂಡಿನ ಸುಮಾರಿಗೆ ಕೈಚೆಲ್ಲಿ, ಜೊತೆಗಿರುವ ಇನ್ನೊಂದು ಡಿಸ್ಕಿನಿಂದ ಓದಿಕೊಳ್ಳಲು ಬಿಡುತ್ತವೆ. ಬೆಲೆಯ ವ್ಯತ್ಯಾಸ ನೋಡಿ ಅಂಗಡಿಯಲ್ಲಿ ಸಾದಾ ಡಿಸ್ಕು ಆರಿಸಿದ ದಿನವೇ ಕೆಲವು ಸಂಸ್ಥೆಗಳ ತೊಂದರೆ ಶುರುವಾಗಿರುತ್ತದೆ. ತಯಾರಕರ ತಪ್ಪೂ ಇರಬಹುದು: ಕ್ರೂಶಿಯಲ್ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5,184 ತಾಸು ಚಾಲೂ ಇದ್ದ ಮೇಲೆ ಪ್ರತಿ ತಾಸಿಗೊಮ್ಮೆ ಉತ್ತರಿಸುವುದನ್ನೇ ನಿಲ್ಲಿಸುತ್ತಿತ್ತು, 2012ರ ಜನವರಿಯಲ್ಲಿ ಅದರ ಫರ್ಮ್‌ವೇರ್, ಅಂದರೆ ಡಿಸ್ಕಿನೊಳಗಿನ ತಂತ್ರಾಂಶ, ತಿದ್ದಿದ ಮೇಲೆ ಅದು ಸರಿಹೋಯಿತು.

ಇನ್ನು ಉಪಾಯಗಳ ಮಾತು. ಬಹಳ ಕಡೆ ಮಾಡುವ ಮೊದಲ ಕೆಲಸ ಸರ್ವರ್ ಆರಿಸಿ ಮತ್ತೆ ಹಚ್ಚುವುದು, ಮತ್ತು ಅದೇ ಕೆಟ್ಟದ್ದು. ಯಾರು ಯಾವುದಕ್ಕಾಗಿ ಕಾಯುತ್ತಿದ್ದರು ಎಂಬ ಸಾಕ್ಷ್ಯ ಅದರಿಂದ ಅಳಿಯುತ್ತದೆ, ಮೆಮೊರಿಯಲ್ಲಿದ್ದ ಪೇಜ್‌ಗಳೆಲ್ಲ ಖಾಲಿಯಾಗಿ ಪ್ರತಿ ಓದಿಗೂ ಡಿಸ್ಕಿಗೇ ಹೋಗಬೇಕಾಗಿ, ಮೊದಲೇ ಬಳಲಿದ ಡಿಸ್ಕಿನ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ. ಎಫ್‌ಸಿಂಕ್ ಆರಿಸುವುದು ಇನ್ನೊಂದು ಸುಲಭದ ದಾರಿ. ವೇಗ ಥಟ್ಟನೆ ಏರುವುದು ನಿಜ, ಆದರೆ ಕರೆಂಟ್ ಹೋದರೆ ಕೆಲವು ನಮೂದುಗಳಷ್ಟೇ ಅಲ್ಲ, ಕಡತವೇ ಕೆಡಬಹುದು. ಹಣದ ಅಥವಾ ಜಮೀನಿನ ಲೆಕ್ಕವಿಡುವಲ್ಲಿ ಇದನ್ನು ಸಲಹೆಯಾಗಿ ಕೊಡುವವರನ್ನು ದೂರವಿಡುವುದು ಲೇಸು. ಡಿಸ್ಕಿನ ದೋಷದ ಸಂದೇಶಗಳನ್ನು ನೋಡಿಯೂ ಸುಮ್ಮನಿರುವುದು ಅಷ್ಟೇ ಅಪಾಯ. ಎಫ್‌ಸಿಂಕ್ ಒಮ್ಮೆ ವಿಫಲವಾಗಿ ಎರಡನೇ ಸಲ ಸಫಲವೆಂದು ತೋರಿದರೂ ಮಧ್ಯದ ಮಾಹಿತಿ ಕಳೆದಿರಬಹುದೆಂದು 2018ರಲ್ಲಿ ಅರಿತ ಪೋಸ್ಟ್‌ಗ್ರೆಸ್ ತಂಡ, ಅಂಥ ವಿಫಲತೆ ಕಂಡರೆ ಡೇಟಾಬೇಸನ್ನೇ ನಿಲ್ಲಿಸಿ ಲಾಗ್‌ನಿಂದ ಮರಳಿ ಕಟ್ಟುವಂತೆ ತನ್ನ ತಂತ್ರಾಂಶವನ್ನು ಬದಲಿಸಿತು.

ಕಾರಣ ಗೊತ್ತಾದ ಮೇಲಿನ ದುರಸ್ತಿ ಅಷ್ಟು ದೊಡ್ಡದಲ್ಲ: ಲಾಗನ್ನು ಬೇರೆ ಡಿಸ್ಕಿಗೆ ಸರಿಸುವುದು, ಚೆಕ್‌ಪಾಯಿಂಟನ್ನು ಹರಡುವುದು, ಲಿನಕ್ಸ್ ಬಾಕಿ ಇಟ್ಟುಕೊಳ್ಳುವ ಮಾಹಿತಿಗೆ ಕೆಲ ನೂರು ಮೆಗಾಬೈಟಿನ ಮಿತಿ ಹಾಕುವುದು, ಬ್ಯಾಕಪ್ ಹೊತ್ತು ಬದಲಿಸುವುದು, ಕರೆಂಟ್ ಹೋದರೂ ಕೈಯಲ್ಲಿರುವ ಮಾಹಿತಿಯನ್ನು ಬರೆದು ಮುಗಿಸುವ ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಕೊಳ್ಳುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಪರದೆ ನಿಂತ ಹೊತ್ತನ್ನು ಕೌಂಟರಿನಲ್ಲಿರುವವರೇ ಒಂದು ವಹಿಯಲ್ಲಿ ಗಂಟೆ, ನಿಮಿಷ ಸಹಿತ ಬರೆದಿಟ್ಟರೆ ಅದನ್ನು ಸರ್ವರ್‌ನ ಸಂದೇಶಗಳ ದಾಖಲೆಯ ಪಕ್ಕದಲ್ಲಿಟ್ಟು ಹೋಲಿಸಬಹುದು. ಎರಡರ ಗಡಿಯಾರಗಳೂ ಹೊಂದಿಕೊಂಡಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಏಕೆಂದರೆ ಐದು ನಿಮಿಷದ ವ್ಯತ್ಯಾಸವಿದ್ದರೂ ಚೆಕ್‌ಪಾಯಿಂಟಿನ ತಪ್ಪು ಬ್ಯಾಕಪ್ ಮೇಲೆ ಬೀಳಬಹುದು. ದುರಸ್ತಿಯಾಯಿತೆಂದು ನಂಬಲು ಎಷ್ಟು ದಿನ ಕಾಯಬೇಕೆಂಬುದನ್ನೂ ಅದೇ ವಹಿ ಹೇಳುತ್ತದೆ: ವಾರಕ್ಕೊಮ್ಮೆ ನಿಲ್ಲುತ್ತಿದ್ದ ಸರ್ವರ್ ಎರಡು ದಿನ ಚೆನ್ನಾಗಿ ನಡೆದರೆ ಅದರಿಂದ ಏನೂ ತಿಳಿಯುವುದಿಲ್ಲ, ಮತ್ತು ಒಣದ್ರಾಕ್ಷಿಯ ಆವಕದಲ್ಲಿ ನಿಂತ ಸರ್ವರನ್ನು ಮಳೆಗಾಲದಲ್ಲಿ ಪರೀಕ್ಷಿಸಬೇಕಾದರೆ ಬೇಸಿಗೆಯ ಅಷ್ಟೂ ನಮೂದುಗಳನ್ನು ಅದೇ ವೇಗದಲ್ಲಿ ಮತ್ತೊಮ್ಮೆ ಅದರ ನಕಲು ಪ್ರತಿಯ ಮೇಲೆ ಓಡಿಸಿ ನೋಡಬೇಕು.